ಗಿಡ್ಡ ಹಗ್ಗ

ಟಾರ್ಪಾಲಕ್ಕ ಆ ಮಾತನ್ನು ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳಿದರೆ ನಾನು ನನ್ನಪ್ಪನ ಮಗಳೇ ಅಲ್ಲ ಎಂದು ಹಲ್ಲು ಕಚ್ಚಿಕೊಂಡೇ ಅವಳು ಕೋಟೆಯ ಹೆಬ್ಬಾಗಿಲು ದಾಟಿದಳು. ಮಾತೇನು ಮಹಾ ದೊಡ್ಡದಲ್ಲ. ದೋಣಿ ಕಟ್ಟಿದ ಹಗ್ಗ ಗಿಡ್ಡವಾಯಿತು, ಸಮುದ್ರದ ನೀರು ಇಳಿದರೆ ದೋಣಿ ಗೋಡೆಗೆ ನೇತಾಡುತ್ತದೆ, ಅಷ್ಟೇ. ಮೂರು ವರ್ಷದ ಮಗುವಿಗೂ ಅರ್ಥವಾಗುವಂಥದ್ದು. ಆದರೆ ಅವಳ ಗಂಡನಿಗೆ ನಲವತ್ತೆಂಟು ವರ್ಷ.

ಅವಳದು ಹೊಲಿಗೆಯ ಅಂಗಡಿ. ಲಾರಿಯ ಟಾರ್ಪಾಲು, ಅಂಗಡಿಗಳ ಮುಂದಿನ ನೆರಳಿನ ಬಟ್ಟೆ, ದೋಣಿಗಳ ಹಾಯಿ, ಹೀಗೆ ದಪ್ಪ ಬಟ್ಟೆ ಯಾವುದಿದ್ದರೂ ಅವಳ ಮೆಷಿನ್ನಿನ ಕೆಳಗೇ ಬರಬೇಕು. ಹಾಗಾಗಿ ಬೀದಿಯವರ ಬಾಯಲ್ಲಿ ಅವಳು ಟಾರ್ಪಾಲಕ್ಕ. ಹುಟ್ಟಿದ್ದು ಸಮುದ್ರದ ದಡದಲ್ಲಿ. ಅಪ್ಪ ಬಂದರಿಗೆ ಬರುವ ಹಡಗುಗಳಿಗೆ ದಾರಿ ತೋರಿಸುವ ಕೆಲಸದವನು. ಉಬ್ಬರ ಯಾವಾಗ, ಇಳಿತ ಯಾವಾಗ ಎಂಬುದು ಅವಳಿಗೆ ಊಟದ ಹೊತ್ತಿನಷ್ಟೇ ಸಲೀಸಾಗಿ ಗೊತ್ತಿತ್ತು. ಮದುವೆಯಾಗಿ ಹೋದದ್ದು ಮಾತ್ರ ಒಳನಾಡಿನ ಒಂದು ದೊಡ್ಡ ಕೆರೆಯ ಊರಿಗೆ. ಅಪ್ಪ ಸಾಯುವ ಮುಂಚಿನ ವರ್ಷ ತನ್ನ ಹಾಯಿದೋಣಿಯನ್ನು ಲಾರಿಯ ಮೇಲೆ ಹೇರಿಸಿ ಆ ಕೆರೆಗೆ ಕಳಿಸಿಕೊಟ್ಟ. ಮಗಳಿಗೆಂದೇ ಕಳಿಸಿದ್ದು. ಲಾರಿಯಿಂದ ಇಳಿದ ಗಳಿಗೆಯಿಂದ ಅದು ಅಳಿಯನ ದೋಣಿಯಾಯಿತು.

ಅಳಿಯ ಡ್ರೈವಿಂಗ್ ಸ್ಕೂಲ್ ನಡೆಸುವವನು. ಇಪ್ಪತ್ತು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗೆ ತನ್ನದೇ ಬೇರೆ ಬ್ರೇಕ್ ಇಟ್ಟುಕೊಂಡು, ಸ್ಟಿಯರಿಂಗ್ ಯಾರ ಕೈಯಲ್ಲಿದ್ದರೂ ಗಾಡಿ ಓಡಿಸುತ್ತಿರುವುದು ತಾನೇ ಎಂದು ನಂಬಿದವನು. ಮನೆಯಲ್ಲೂ ಅವನ ಕಾಲು ಆ ಬ್ರೇಕಿನ ಮೇಲೆಯೇ ಇರುತ್ತಿತ್ತು. ಕೆರೆಯಲ್ಲಿ ಮೂರು ಬೇಸಿಗೆ ಹಾಯಿ ಬಿಡುವುದನ್ನು ಕಲಿತು, ಸಿಕ್ಕ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಹಜಾರದಲ್ಲಿ ಮಾವನ ಫೋಟೋಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದ. ಅವತ್ತಿನಿಂದ ಮನೆಮಂದಿಗೆಲ್ಲ ಅವನು ಕ್ಯಾಪ್ಟನ್. ಕೆರೆಯ ನೀರು ಬೆಳಿಗ್ಗೆ ಎಲ್ಲಿರುತ್ತದೋ ಸಂಜೆಗೂ ಅಲ್ಲೇ ಇರುತ್ತದೆ. ಅಂಥ ಒಳ್ಳೆಯ ನೀರಿನ ಮೇಲೆ ಯಾರು ಬೇಕಾದರೂ ಕ್ಯಾಪ್ಟನ್ ಆಗಬಹುದು.

ಅಪ್ಪನ ದೋಣಿಯಲ್ಲಿ ಒಂದು ನಿಯಮವಿತ್ತು. ಒಬ್ಬರು ಕಟ್ಟಿದ ಹಗ್ಗವನ್ನು ಇನ್ನೊಬ್ಬರು ಮುಟ್ಟಕೂಡದು. ಕಟ್ಟಿದವರೇ ಬಿಚ್ಚಬೇಕು, ಸಡಿಲಿಸುವುದಿದ್ದರೆ ಅವರನ್ನೇ ಕರೆಯಬೇಕು. ಹರೆಯದಲ್ಲಿ ಯಾರೋ ಪುಣ್ಯಾತ್ಮ ಕೇಳದೆ ಒಂದು ಗಂಟು ಬಿಚ್ಚಿದ್ದರಿಂದ ಅಪ್ಪನ ಎರಡು ಬೆರಳು ಹೋಗಿದ್ದವು. ಆ ನಿಯಮವನ್ನು ಅಳಿಯ ಬೇರೇನನ್ನೂ ಕಲಿಯದಷ್ಟು ಚೆನ್ನಾಗಿ ಕಲಿತಿದ್ದ. ಹೋದ ವರ್ಷ ಕೆರೆಯ ದಡದಲ್ಲಿ ಅವನು ಕಟ್ಟಿದ ಹಗ್ಗ ಕಂಬಕ್ಕೆ ಉಜ್ಜುತ್ತಿದೆ ಎಂದು ಅವಳು ಸ್ವಲ್ಪ ಸರಿಸಿದ್ದಕ್ಕೆ, ದೋಣಿ ಕ್ಲಬ್ಬಿನ ಹತ್ತು ಜನರ ಎದುರು ಸೊಂಟದ ಮೇಲೆ ಕೈಯಿಟ್ಟು, ನಿಮ್ಮಪ್ಪನ ನಿಯಮ ನಿನಗೇ ಗೊತ್ತಿಲ್ಲವೇ ಎಂದು ಕೇಳಿದ. ಹತ್ತು ಜನರೂ ನಕ್ಕರು. ಮಗಳೂ ನಕ್ಕಳು. ಅದಕ್ಕೆ ಹನ್ನೆರಡು ವರ್ಷ, ಅಪ್ಪ ಗೆದ್ದಾಗ ನಗಬೇಕೆಂದು ಅಷ್ಟರಲ್ಲೇ ಕಲಿತಿತ್ತು. ಆ ನಗು ಟಾರ್ಪಾಲಕ್ಕನ ಹೊಟ್ಟೆಯಲ್ಲಿ ಒಂದು ವರ್ಷದಿಂದ ಕುದಿಯುತ್ತಿತ್ತು.

ಈ ವರ್ಷ ಕ್ಯಾಪ್ಟನ್ನಿಗೆ ಕೆರೆ ಸಾಲದೆ ಬಂತು. ದೋಣಿ ಮತ್ತೆ ಲಾರಿ ಏರಿತು, ಸಮುದ್ರಕ್ಕಿಳಿಯಿತು. ಎಂಟು ದಿನದ ಪ್ರವಾಸ, ಗಂಡ, ಹೆಂಡತಿ, ಮಗಳು, ಜೊತೆಗೆ ಎಪ್ಪತ್ತಾರು ವರ್ಷದ ಅತ್ತೆ. ಅತ್ತೆಗೆ ಮೊಣಕಾಲು ನೋವು, ಆದರೆ ಸಮುದ್ರ ನೋಡುವ ಆಸೆ. ಮೊದಲ ನಾಲ್ಕು ದಿನ ಕೊಲ್ಲಿಗಳಲ್ಲಿ ಲಂಗರು ಹಾಕಿ ನಿಂತರು, ಏನೂ ತೊಂದರೆಯಾಗಲಿಲ್ಲ. ಐದನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಈ ಕೋಟೆ ಸಿಕ್ಕಿತು.

ಬಂಡೆಯ ಮೇಲೆ ಬೂದು ಕಲ್ಲಿನ ಕೋಟೆ. ಅದರ ಬುಡದಿಂದ ಮಡಿಸಿದ ತೋಳಿನ ಹಾಗೆ ನೀರಿಗೆ ಚಾಚಿಕೊಂಡ ಕಲ್ಲಿನ ದಕ್ಕೆ. ಕ್ಯಾಪ್ಟನ್ ದೋಣಿಯನ್ನು ಆ ತೋಳಿನ ಒಳಮೈಗೆ ತಂದು ನಿಲ್ಲಿಸಿದ. ಎದುರಿಗೆ ಕೋಟೆಯ ಕಿಟಕಿಗಳು. ಆಗ ಉಬ್ಬರ ತುಂಬಿ ನಿಂತಿತ್ತು. ದೋಣಿಯ ಅಂಚೂ ದಕ್ಕೆಯ ಅಂಚೂ ಸರಿಸಮ. ಅತ್ತೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕಾಲಿಟ್ಟಂತೆ ದಡಕ್ಕೆ ಕಾಲಿಟ್ಟರು. ಅಮ್ಮನಿಗೆ ನಡುವೆ ಒಂದು ಬೆರಳಿನ ಸಂದೂ ಇರಬಾರದೆಂದು ಅವನು ಹಿಂದೆ ಮುಂದೆ ಎರಡು ಹಗ್ಗವನ್ನೂ ದಕ್ಕೆಯ ಕಬ್ಬಿಣದ ಬಳೆಗಳಿಗೆ ಬಿಗಿಯಾಗಿ, ಗಿಡ್ಡವಾಗಿ ಕಟ್ಟಿದ್ದ. ಆ ಒಂದು ವಿಷಯದಲ್ಲಿ ಅವನ ಮೇಲೆ ತಪ್ಪು ಹೊರಿಸುವುದು ಕಷ್ಟ.

ಹಗ್ಗ ಸಾಲದು, ನೀರು ಎರಡಾಳು ಇಳಿಯುತ್ತದೆ ಎಂದು ಅವಳು ಮೊದಲ ಸಲ ಹೇಳಿದ್ದು ಅಲ್ಲೇ. ಅವನು ನಕ್ಕ. ಎರಡಾಳು ನೀರು ಹೋಗುವುದಾದರೂ ಎಲ್ಲಿಗೆ, ಯಾರಾದರೂ ಬಕೆಟ್ಟಿನಲ್ಲಿ ಹೊತ್ತುಕೊಂಡು ಹೋಗುತ್ತಾರೆಯೇ ಎಂದು ಮಗಳ ಕಡೆ ಕಣ್ಣು ಹೊಡೆದ. ಎರಡನೆಯ ಸಲ ಹೇಳಿದ್ದು ದಕ್ಕೆಯ ತುದಿಯಲ್ಲಿ ನೆಟ್ಟ ಉಬ್ಬರ ಇಳಿತದ ಹಲಗೆಯ ಮುಂದೆ. ಬೆರಳಿಟ್ಟು ತೋರಿಸಿಯೇ ಹೇಳಿದಳು. ಅವನು ಆ ಹಲಗೆಯನ್ನು ಓದಿದ. ಓದಿದವನ ಮುಖದಲ್ಲಿ ಒಂದು ಕ್ಷಣ ಏನೋ ಅಳುಕು ಸುಳಿಯಿತು, ಅವಳಿಗೆ ಅದು ಕಂಡಿತು. ಆದರೆ ಪಕ್ಕದಲ್ಲಿ ಮಗಳಿದ್ದಳು, ಅಮ್ಮ ಇದ್ದಳು.

"ಒಂದು ಗಂಟೇಲಿ ವಾಪಸ್ ಬರ್ತೀವಿ. ಕಟ್ಟಿದ್ದು ನಾನು, ಬಿಚ್ಚೋದೂ ನಾನೇ. ನೀನು ಹಾಯಿ ಹೊಲಿ, ಸಾಕು," ಎಂದ.

ಅವಳ ಪಿತ್ತ ನೆತ್ತಿಗೇರಿತು. ಆಗಲಿ, ಬಾಯಿಗೆ ಬೀಗ ಹಾಕಿಕೊಂಡೆ ನೋಡು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಅವಳು ಕೆಂಪು ಸ್ವೆಟರಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಳು.

ಕೋಟೆಗೆ ತೊಂಬತ್ತೆರಡು ಮೆಟ್ಟಿಲು. ಮೂರು ಹತ್ತಿದ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು, ನೀವು ಹೋಗಿ ಬನ್ನಿ ಎಂದರು. ದಕ್ಕೆಯ ಬಳಿಯ ಚಹಾದಂಗಡಿಯಲ್ಲಿ ಕೂರಿಸಿ ಬರುತ್ತೇನೆಂದು ಕ್ಯಾಪ್ಟನ್ ಅಮ್ಮನನ್ನು ಕರೆದುಕೊಂಡು ಹೋದ. ಹತ್ತು ನಿಮಿಷಕ್ಕೆ ಒಬ್ಬನೇ ಬಂದು, "ಅಮ್ಮ ಆರಾಮಾಗಿದ್ದಾಳೆ," ಎಂದಷ್ಟೇ ಹೇಳಿದ. ಅಂಗಡಿಯ ಬೆಂಚುಗಳೆಲ್ಲ ಬಿಸಿಲಿನಲ್ಲಿದ್ದವೆಂದು ಅವನು ಅಮ್ಮನನ್ನು ದೋಣಿಯ ಕ್ಯಾಬಿನ್ನಿನಲ್ಲೇ ಮಲಗಿಸಿ ಬಂದದ್ದು ಟಾರ್ಪಾಲಕ್ಕನಿಗೆ ಗೊತ್ತಿರಲಿಲ್ಲ. ಅವಳು ಕೇಳಲೂ ಇಲ್ಲ. ಅವನ ಜೊತೆ ಮಾತಾಡುವ ಮನಸ್ಸೇ ಇರಲಿಲ್ಲ.

ಕೋಟೆ ತೋರಿಸುವ ಗೈಡ್ ಒಬ್ಬ ಸಣಕಲು ಹೆಂಗಸು. ಪಾಪ, ಕಂಠಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವ ಅಭ್ಯಾಸದವಳು. ಕ್ಯಾಪ್ಟನ್ ಬಿಡಬೇಕಲ್ಲ. ಫಿರಂಗಿಯ ಗುಂಡು ಎಷ್ಟು ದೂರ ಹೋಗುತ್ತಿತ್ತು ಎಂದು ಅವಳು ಹೇಳಿದರೆ, ಗಾಳಿ ಎದುರಿದ್ದರೆ ಅಷ್ಟು ಹೋಗಲಾರದು ಎಂದು ಇವನು ತಿದ್ದಿದ. ಅಡುಗೆಮನೆಯ ಒಲೆಯೊಳಗೆ ನಾಲ್ಕು ಜನ ನಿಲ್ಲಬಹುದೆಂದು ಅವಳು ಹೇಳಿದರೆ ಮಗಳನ್ನೂ ಇನ್ನಿಬ್ಬರು ಪ್ರವಾಸಿಗರನ್ನೂ ಒಳಗೆ ನಿಲ್ಲಿಸಿ ತಾನೂ ನುಗ್ಗಿ ಫೋಟೋ ತೆಗೆಸಿಕೊಂಡ. ಒಂದು ಗಂಟೆ ಅಲ್ಲೇ ಮುಗಿಯಿತು.

ಆ ಅಡುಗೆಮನೆಯ ಕಿಟಕಿಯಿಂದ ಟಾರ್ಪಾಲಕ್ಕ ಮೊದಲ ಸಲ ಕೆಳಗೆ ನೋಡಿದಳು. ಗೋಡೆ ಒಂದಾಳು ದಪ್ಪ, ಕಿಟಕಿ ಬಾಗಿಲಿನಷ್ಟು ಎತ್ತರ, ಒಬ್ಬರು ಒಳಗೆ ಹೋಗಿ ನಿಲ್ಲಬಹುದು. ನಿಂತಳು. ದಕ್ಕೆಯ ಕಲ್ಲುಗಳ ಕೆಳಗೆ ಮೊಳದಷ್ಟು ಒದ್ದೆ ಗೋಡೆ ಕಾಣಿಸಿಕೊಂಡಿತ್ತು. ಎರಡೂ ಹಗ್ಗ ಬಿಗಿದು ನೆಟ್ಟಗಾಗಿದ್ದವು. ಈಗಲೇ ಹೋಗಿ ಸಡಿಲಿಸಿದರೆ ಏನೂ ಆಗುವುದಿಲ್ಲ. ಅವಳ ಕಾಲು ಮೆಟ್ಟಿಲ ಕಡೆ ತಿರುಗಿಯೂ ತಿರುಗಿತು. ಅಷ್ಟರಲ್ಲಿ ಹಿಂದಿನಿಂದ ಅವನ ದೊಡ್ಡ ನಗು ಕೇಳಿತು, ಹೋದ ವರ್ಷದ ಆ ಹತ್ತು ಜನರೂ ನೆನಪಾದರು. ಅವನೇ ಬಿಚ್ಚಲಿ. ಕಟ್ಟಿದವನು ಅವನು.

ಎರಡನೆಯದು ಕೋಟೆಯ ದಳಪತಿಯ ಮಲಗುವ ಕೋಣೆ. ಮಂಚ ಎಷ್ಟು ಗಿಡ್ಡವಿತ್ತೆಂದರೆ ದಳಪತಿ ಕೂತೇ ನಿದ್ದೆ ಮಾಡುತ್ತಿದ್ದನಂತೆ. ಯಾಕೆ ಹಾಗೆ ಎಂಬುದಕ್ಕೆ ಗೈಡ್ ಒಂದು ಕಾರಣ ಕೊಟ್ಟಳು, ಕ್ಯಾಪ್ಟನ್ ಎರಡು ಕೊಟ್ಟ. ಟಾರ್ಪಾಲಕ್ಕ ಮತ್ತೆ ಕಿಟಕಿಯೊಳಗೆ ನಿಂತಳು. ದೋಣಿ ಈಗ ವಾಲಿತ್ತು. ದಕ್ಕೆಯ ಕಡೆಯ ಮಗ್ಗುಲನ್ನು ಹಗ್ಗ ಮೇಲೆ ಹಿಡಿದಿತ್ತು, ಇತ್ತ ಕಡೆಯ ಮಗ್ಗುಲು ಇಳಿಯುವ ನೀರಿನ ಜೊತೆ ಇಳಿಯುತ್ತಿತ್ತು. ಕ್ಯಾಬಿನ್ನಿನ ದುಂಡು ಗಾಜು ಬಿಸಿಲಿಗೆ ಫಳಕ್ಕೆಂದಿತು, ಇನ್ನೊಮ್ಮೆ ಫಳಕ್ಕೆಂದಿತು.

ಅಪ್ಪನ ದೋಣಿ ಅದು. ಅದರ ಹಾಯಿಯ ಒಂದೊಂದು ಹೊಲಿಗೆಯೂ ಅವಳದೇ. ಹಾಗಿದ್ದೂ ಅವಳಿಗೆ ಆ ಹೊತ್ತಿನಲ್ಲಿ ಸಂತೋಷವಾಗುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಖುಷಿಯೇ ಆಗುತ್ತಿತ್ತು. ಇನ್ನೂ ವಾಲಲಿ. ಹಗ್ಗ ಸುತ್ತಿದ ಕೊಂಬು ಕಿತ್ತು ಬರಲಿ, ಮಗ್ಗುಲು ಸೀಳಲಿ. ದಕ್ಕೆಯ ಮೇಲೆ ಜನ ಸೇರಲಿ, ಇದನ್ನು ಕಟ್ಟಿದ ಮಹಾಶಯ ಯಾರಪ್ಪ ಎಂದು ಒಬ್ಬರಾದರೂ ಕೇಳಲಿ, ಮಗಳ ಮುಂದೆಯೇ ಕೇಳಲಿ. ಆ ಒಂದು ಪ್ರಶ್ನೆಗಾಗಿ ದೋಣಿಯನ್ನೇ ಕೊಡಲು ಅವಳು ತಯಾರಿದ್ದಳು. ಮಗಳು ಬಂದು ಏನು ನೋಡುತ್ತಿದ್ದೀಯ ಎಂದು ಕೇಳಿದಾಗ, ಸಮುದ್ರ ಎಂದಳು.

ಆಮೇಲೆ ಆಯುಧಗಳ ಕೋಣೆ. ಕ್ಯಾಪ್ಟನ್ ಪ್ರತಿಯೊಂದು ಕತ್ತಿಯ ಮುಂದೆಯೂ ನಿಂತ. ಒಂದು ಗಂಟೆ ಎಂದವನಿಗೆ ಎರಡೂವರೆ ಗಂಟೆಯಾದದ್ದರ ಪರಿವೆಯೇ ಇರಲಿಲ್ಲ. ದಕ್ಕೆಯನ್ನು ಪಕ್ಕದಿಂದ ಕಾಣುವ ಮೂರನೆಯ ಕಿಟಕಿಯಲ್ಲಿ ನಿಂತಾಗ ಟಾರ್ಪಾಲಕ್ಕನಿಗೆ ಕಂಡದ್ದು ಗೋಡೆಯ ಕಡೆ ಮೇಲೆದ್ದ ದೋಣಿಯ ಹೊಟ್ಟೆ. ಹಸಿರು ಪಾಚಿ ಹಿಡಿದ, ಯಾವಾಗಲೂ ನೀರಿನೊಳಗಿರಬೇಕಾದ ಹೊಟ್ಟೆ. ಹಾಯಿಕಂಬ ಅರ್ಧ ಮಲಗಿತ್ತು. ದಕ್ಕೆಯ ಆ ತುದಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಮುದುಕನೊಬ್ಬ ಎದ್ದು ಓಡಿ ಬರುತ್ತಿದ್ದ. ಅವನು ದೋಣಿಯ ಕಡೆ ಬಾಗಿ, ಯಾರನ್ನೋ ಕರೆಯುವವನಂತೆ ಕೈ ಆಡಿಸಿದ. ದೋಣಿಯೊಳಗೆ ಯಾರಿದ್ದಾರೆಂದು ಇವನು ಕರೆಯುತ್ತಿದ್ದಾನೆ ಎಂದುಕೊಳ್ಳುವಷ್ಟರಲ್ಲಿ ಕ್ಯಾಬಿನ್ನಿನ ಬಾಗಿಲು ಸರಿಯಿತು. ಅದರಿಂದ ಒಂದು ಕೈ ಹೊರಬಂತು, ಕೈಯ ಮೇಲೆ ಕಂದು ಶಾಲು.

ಆ ಶಾಲು ಅತ್ತೆಯದು. ಟಾರ್ಪಾಲಕ್ಕ ಗೈಡನ್ನು ತಳ್ಳಿಕೊಂಡೇ ಗಂಡನ ಹತ್ತಿರ ಹೋಗಿ ಅವನ ತೋಳು ಹಿಡಿದಳು.

"ಅತ್ತೆ ಎಲ್ಲಿದ್ದಾರ್ರೀ?"

"ದೋಣೀಲಿ. ಯಾಕೆ?"

ಅವಳು ಆಗಲೇ ಮೆಟ್ಟಿಲ ಕಡೆ ಓಡಿದ್ದಳು. ತೊಂಬತ್ತೆರಡು ಮೆಟ್ಟಿಲುಗಳಲ್ಲಿ ಎಷ್ಟನ್ನು ಮುಟ್ಟಿದಳೋ ಎಷ್ಟನ್ನು ಹಾರಿದಳೋ ಅವಳಿಗೇ ಗೊತ್ತಿಲ್ಲ. ದಕ್ಕೆಗೆ ಬಂದಾಗ ಹಗ್ಗ ಕಬ್ಬಿಣದ ಸಲಾಕೆಯಂತೆ ನಿಂತು ಕಿರುಗುಟ್ಟುತ್ತಿತ್ತು. ಬಿಚ್ಚುವ ಮಾತೇ ಇರಲಿಲ್ಲ, ಅಷ್ಟು ಭಾರ ಬಿದ್ದ ಗಂಟು ಯಾರ ಕೈಗೂ ಬಗ್ಗುವುದಿಲ್ಲ. ಒಂದನ್ನು ಮಾತ್ರ ಕತ್ತರಿಸಿದರೆ ಇಡೀ ದೋಣಿ ಇನ್ನೊಂದಕ್ಕೆ ಜೋತುಬಿದ್ದು ತಲೆಕೆಳಗಾಗುತ್ತದೆ. ಎರಡೂ ಒಟ್ಟಿಗೇ ಹೋಗಬೇಕು.

ಹೊಲಿಗೆಯವಳ ಚಾಕು ಅವಳ ಸೊಂಟದ ಚೀಲದಲ್ಲೇ ಇತ್ತು. ಬಲೆಯ ಮುದುಕನ ಹತ್ತಿರವೂ ಚಾಕು ಇತ್ತು. ಅವನನ್ನು ಮುಂದಿನ ಹಗ್ಗದ ಹತ್ತಿರ ನಿಲ್ಲಿಸಿ, ಅವಳು ಗೋಡೆಗೆ ಹೊಡೆದ ಕಬ್ಬಿಣದ ಏಣಿಯಲ್ಲಿ ನಾಲ್ಕು ಮೆಟ್ಟಿಲಿಳಿದು ವಾಲಿದ ಡೆಕ್ಕಿನ ಮೇಲೆ ಬೋರಲು ಬಿದ್ದಳು. ತೆವಳಿಕೊಂಡೇ ಹೋಗಿ ಉದ್ದದ ಹಗ್ಗವೊಂದನ್ನು ಹಾಯಿಕಂಬದ ಬುಡಕ್ಕೆ ಬಿಗಿದು ಇನ್ನೊಂದು ತುದಿಯನ್ನು ಮುದುಕನಿಗೆ ಎಸೆದಳು, ಅವನು ಅದನ್ನು ಬಳೆಗೆ ಸುತ್ತಿದ. ಆಮೇಲೆ ಕ್ಯಾಬಿನ್ನಿಗೆ ತಲೆ ಹಾಕಿದಳು. ಪಾತ್ರೆ, ಪುಸ್ತಕ, ಹಾಸಿಗೆ ಎಲ್ಲವೂ ಒಂದು ಮೂಲೆಗೆ ಜಾರಿ ಗುಡ್ಡೆಯಾಗಿದ್ದವು. ಅತ್ತೆ ಬಾಗಿಲಿನಿಂದ ಹಿಂದಕ್ಕೆ ಜಾರಿ ಆ ಗುಡ್ಡೆಯ ಮೇಲೆ ಕೂತಿದ್ದರು. ಮುಖ ಬಿಳಿಚಿತ್ತು, ಆದರೆ ಅಳುತ್ತಿರಲಿಲ್ಲ.

"ಅತ್ತೆ, ಮೇಜಿನ ಕಾಲು ತಬ್ಬಿಕೊಳ್ಳಿ. ದೋಣಿ ಬೀಳುತ್ತೆ. ಬಿಡಬೇಡಿ."

ಅತ್ತೆ ಯಾಕೆ ಏನು ಎಂದು ಕೇಳದೆ ತಬ್ಬಿಕೊಂಡರು. ಟಾರ್ಪಾಲಕ್ಕ ಹಿಂದಿನ ಹಗ್ಗಕ್ಕೆ ಚಾಕು ಇಟ್ಟು ಮೂರರವರೆಗೆ ಎಣಿಸಿದಳು. ಗುಂಡು ಹಾರಿದ ಸದ್ದಿನೊಂದಿಗೆ ಎರಡೂ ಹಗ್ಗ ತುಂಡಾದವು. ದೋಣಿ ಬಿತ್ತು, ಆ ಕಡೆ ಹೊರಳಿತು, ಈ ಕಡೆ ಹೊರಳಿತು, ದಕ್ಕೆಗೆ ಒಮ್ಮೆ ಗುದ್ದಿತು, ಕೊನೆಗೆ ಉದ್ದದ ಹಗ್ಗಕ್ಕೆ ಸಿಕ್ಕಿ ನೆಟ್ಟಗೆ ನಿಂತಿತು. ಒಳಗಿನಿಂದ ಅತ್ತೆ ಒಮ್ಮೆ ಕೂಗಿದ್ದು ಕೇಳಿಸಿತು.

ಅವರ ಎಡಗೈ ಮಣಿಕಟ್ಟಿನ ಮೇಲೆ ಸೊಟ್ಟಗಾಗಿ ಊದಿಕೊಳ್ಳುತ್ತಿತ್ತು. ಟಾರ್ಪಾಲಕ್ಕ ಅದನ್ನು ಎರಡು ಸೌಟುಗಳ ನಡುವೆ ಇಟ್ಟು, ಹಾಯಿಯ ಚಿಂದಿಯಿಂದ ಸುತ್ತಿ ಕಟ್ಟಿದಳು. ಅತ್ತೆಯನ್ನು ಮೇಲೆತ್ತುವುದಕ್ಕೆ ನಾಲ್ಕು ಜನ ಬೇಕಾಯಿತು. ಬೆಳಿಗ್ಗೆ ಒಂದು ಹೆಜ್ಜೆಯಲ್ಲಿ ದಾಟಿದ್ದ ಗೋಡೆ ಈಗ ಒಂದೂವರೆ ಆಳು ಎತ್ತರವಾಗಿತ್ತು. ಹಾಯಿಯ ಬಟ್ಟೆಯಲ್ಲಿ ಜೋಳಿಗೆ ಮಾಡಿ ಎಳೆದುಕೊಂಡರು. ಅಷ್ಟರಲ್ಲಿ ದಕ್ಕೆಯ ಮೇಲೆ ಇಪ್ಪತ್ತು ಮೂವತ್ತು ಜನ ಸೇರಿದ್ದರು, ಕೋಟೆಯ ಗೈಡೂ ಇದ್ದಳು. ಹೆಂಡತಿ ಯಾಕೆ ಓಡಿದಳೆಂದು ತಡವಾಗಿ ತಿಳಿದು, ಮಗಳೊಡನೆ ಏದುಸಿರು ಬಿಡುತ್ತ ಬಂದ ಕ್ಯಾಪ್ಟನ್ ಮೊದಲು ನೋಡಿದ್ದು ಬಳೆಯಿಂದ ನೇತಾಡುತ್ತಿದ್ದ ಹಗ್ಗದ ತುಂಡನ್ನು.

"ಕತ್ತರಿಸಿಬಿಟ್ಯಾ?" ಎಂದ. "ಹೊಸ ಹಗ್ಗ ಕಣೇ ಅದು."

ಬಲೆಯ ಮುದುಕ ಚಾಕು ಒರೆಸುತ್ತ ಅವನ ಕಡೆ ತಿರುಗಿದ. ಆ ತುಂಡು ಹಗ್ಗವನ್ನು ಬೆರಳಿನಿಂದ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, "ಇದನ್ನ ಕಟ್ಟಿದ್ದು ಯಾರು?" ಎಂದು ಕೇಳಿದ.

ಮಗಳು ಅಪ್ಪನನ್ನೇ ನೋಡುತ್ತಿದ್ದಳು, ನಗುತ್ತಿರಲಿಲ್ಲ. ಟಾರ್ಪಾಲಕ್ಕ ಒಂದು ವರ್ಷದಿಂದ ಕಾದಿದ್ದ ಪ್ರಶ್ನೆ ಇಷ್ಟೂ ಜನರ ಮುಂದೆ, ಇಷ್ಟು ಚೆನ್ನಾಗಿ ಬಂದು ನಿಂತಿತ್ತು. ಅವಳು ಅದನ್ನು ಅನುಭವಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಅವನ ಕಿವಿ ಕೆಂಪಾಗುವುದನ್ನು ಅವಳು ಕಣ್ತುಂಬ ನೋಡಿದಳು. ಇನ್ನು ಬಾಯಿ ಬಿಡಬೇಕು, ಒಳಗಿರುವುದನ್ನೆಲ್ಲ ಕಕ್ಕಿಬಿಡಬೇಕು ಎಂದು ಉಸಿರು ಎಳೆದುಕೊಂಡಳು.

ಅಷ್ಟರಲ್ಲಿ ಕಲ್ಲಿನ ಮೇಲೆ ಒರಗಿ ಕೂತಿದ್ದ ಅತ್ತೆ ಸರಿಯಿದ್ದ ಕೈಯಿಂದ ಸೊಸೆಯ ಕೈ ಹಿಡಿದು ಪಕ್ಕಕ್ಕೆ ಎಳೆದರು.

"ನನಗೆ ಭಯವೇ ಆಗಲಿಲ್ಲ ಕಣೆ," ಎಂದರು. "ನೀನು ಕಿಟಕೀಲಿ ನಿಂತಿದ್ದು ಕಾಣಿಸ್ತಿತ್ತು. ಈ ಕೆಂಪು ಸ್ವೆಟರ್ರು. ನಾನು ಗಾಜಿನ ಹಿಂದಿಂದ ಕೈ ಬೀಸಿದೆ. ಆಮೇಲೆ ಇನ್ನೊಂದು ಕಿಟಕೀಲಿ ನಿಂತಿದ್ದೆ. ಪಾತ್ರೆಯೆಲ್ಲ ಜಾರೋಕೆ ಶುರುವಾಯ್ತು. ಎದ್ದು ಹೊರಗೆ ಹೋಗ್ಲಾ ಅಂದ್ಕೊಂಡೆ. ಸೊಸೆ ನೋಡ್ತಿದ್ದಾಳೆ, ಅವಳಿಗೆ ದೋಣಿ ವಿಷಯ ಎಲ್ಲ ಗೊತ್ತು, ಅಪಾಯ ಇದ್ದಿದ್ರೆ ಓಡಿ ಬರ್ತಿದ್ಳು ಅಂತ ಸುಮ್ಮನೆ ಕೂತೆ."

ಟಾರ್ಪಾಲಕ್ಕನಿಗೆ ಗಂಡನ ಮೇಲಿನ ಸಿಟ್ಟು ಕಾಳಿನಷ್ಟೂ ಕಡಿಮೆಯಾಗಿರಲಿಲ್ಲ. ಆದರೆ ಅದೇ ಸಿಟ್ಟು ಎರಡೂವರೆ ಗಂಟೆ ಈ ಮುದುಕಿಯನ್ನು ಆ ಕ್ಯಾಬಿನ್ನಿನಲ್ಲಿ ಕೂರಿಸಿತ್ತು. ಅತ್ತೆ ಅಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಕ್ಯಾಪ್ಟನ್ ಹತ್ತಿರ ಬಂದು ನಿಂತಿದ್ದ. ಕೇಳಿಸಿಕೊಂಡಿದ್ದ.

"ಕಿಟಕೀಲಿ ನಿಂತು ನೋಡ್ತಿದ್ಯಾ?" ಎಂದ. ಅವನ ದನಿಯಲ್ಲಿ ಆಗಲೇ ಬಲ ಬರತೊಡಗಿತ್ತು.

ಅವಳು ಅವನ ಕಡೆ ತಿರುಗಲಿಲ್ಲ. ಅವನಿಗೆ ಕೊಡಬೇಕಾದ ಉತ್ತರ ಬೇಕಾದಷ್ಟಿತ್ತು, ಕೊಡುವುದಕ್ಕೆ ಉಳಿದ ಆಯುಷ್ಯವೆಲ್ಲ ಇತ್ತು. ಅವಳು ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ನೋಡ್ತಿದ್ದೆ ಅತ್ತೆ. ದೋಣಿ ಒಡೆದು ಹೋಗ್ಲಿ ಅಂತ ನೋಡ್ತಿದ್ದೆ. ಇವರಿಗೆ ಎಲ್ಲರ ಮುಂದೆ ಅವಮಾನ ಆಗ್ಲಿ ಅಂತ. ಮೊದಲನೇ ಕಿಟಕೀಲಿ ನೋಡಿದಾಗಲೇ ಬಂದು ಬಿಚ್ಚಬಹುದಿತ್ತು."

ಅತ್ತೆ ಅವಳ ಮುಖ ನೋಡಿದರು. ಸೊಸೆಯ ಕೈಯೊಳಗಿದ್ದ ತಮ್ಮ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ಜಾರಿದ್ದ ಶಾಲನ್ನು ಹೆಗಲಿಗೆ ಎಳೆದುಕೊಳ್ಳಲು ಆ ಒಂದೇ ಕೈಯಲ್ಲಿ ಒದ್ದಾಡಿದರು. ಟಾರ್ಪಾಲಕ್ಕ ಸಹಾಯಕ್ಕೆ ಕೈ ಚಾಚಿದಾಗ, "ಬೇಡ, ನಾನೇ ಹೊದ್ಕೋತೀನಿ," ಎಂದರು.